ಒಳಗೆ ಲಾಡಿ ಇದೆ

ನಮ್ಮಕ್ಕ ಹೊಲಿದ ಸಾವಿರದ ನೂರ ನಲವತ್ತು ಹಕ್ಕಿಗಳಲ್ಲಿ ಇವತ್ತಿನವರೆಗೆ ಹೊಲಿಗೆ ಬಿಚ್ಚಿರುವುದು ಮೂರರದ್ದು ಮಾತ್ರ. ಆ ಮೂರನ್ನೂ ಬಿಚ್ಚಿದವಳು ಅವಳೇ. ಬಿಚ್ಚಿದ್ದು ಮ್ಯೂಸಿಯಂ ನಿರ್ದೇಶಕಿಯ ಕಣ್ಣೆದುರು, ಅದೂ ನನ್ನ ಕಾಜಾ ಕತ್ತರಿಯಿಂದ. ಈ ಕಥೆಯನ್ನು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವರು ಪಾಪ, ಪೂರ್ತಿ ಕೇಳಿಕೊಂಡೇ ಹೋಗಬೇಕು. ಪ್ಯಾಂಟು ನನ್ನ ಕೈಯಲ್ಲಿರುತ್ತದಲ್ಲ.

ನಮ್ಮಪ್ಪ ದರ್ಜಿ. ನಾವಿಬ್ಬರು ಹೆಣ್ಣುಮಕ್ಕಳೂ ಪೆನ್ಸಿಲ್ ಹಿಡಿಯುವ ಮೊದಲೇ ಸೂಜಿ ಹಿಡಿದವರು. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹದಿಮೂರು ಮೆಟ್ಟಿಲು. ಅಕ್ಕನ ಕೈ ನನ್ನ ಕೈಗಿಂತ ಸಣ್ಣದು, ಹೊಲಿಗೆಯೂ ಸಣ್ಣದು. ಅಂಗಡಿಯಲ್ಲಿ ಅವಳನ್ನೇ ಕೂರಿಸಬೇಕೆಂದು ಅಪ್ಪ ಲೆಕ್ಕ ಹಾಕಿದ್ದ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವಳು ಮ್ಯೂಸಿಯಂ ಬಾಗಿಲಿಗೆ ಅಂಟಿಸಿದ್ದ ಕಾಗದವೊಂದನ್ನು ಓದಿಕೊಂಡು ಬಂದಳು: ಹಕ್ಕಿ ವಿಭಾಗಕ್ಕೆ ಹೊಲಿಗೆ ಬಲ್ಲವರು ಬೇಕಾಗಿದ್ದಾರೆ. ಅಪ್ಪ ಕೈಲಿದ್ದ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ. "ಮನುಷ್ಯರಿಗೆ ಹೊಲಿಯೋದು ಬಿಟ್ಟು ಸತ್ತ ಕೋಳಿಗೆ ಹೊಲಿಯೋಕೆ ಹೋಗ್ತೀಯಾ?" ಎಂದ. ಅಕ್ಕ ಹೂಂ ಅಂದಳು, ಅಷ್ಟೇ. ಅವಳು ಹೆಚ್ಚು ಮಾತಾಡುವವಳಲ್ಲ. ಅವಳ ಪಾಲಿನ ಮಾತನ್ನೂ ದೇವರು ನನಗೇ ಕೊಟ್ಟುಬಿಟ್ಟಿದ್ದಾನೆ.

ಮ್ಯೂಸಿಯಂ ಅಂದಕೂಡಲೇ ಜನಕ್ಕೆ ಗಾಜಿನ ಪೆಟ್ಟಿಗೆಯೊಳಗೆ ರೆಕ್ಕೆ ಬಿಚ್ಚಿ ನಿಂತ ಹದ್ದು ನೆನಪಾಗುತ್ತದೆ. ಅಕ್ಕನ ಕೆಲಸ ಅದಲ್ಲ. ಹಿಂಬದಿಯ ಮೂರನೇ ಮಹಡಿಯಲ್ಲಿ, ಟಿಕೆಟು ಕೊಂಡವರೂ ನೋಡಲಾಗದ ಒಂದು ಉದ್ದನೆಯ ಕೋಣೆಯಿದೆ. ಎರಡೂ ಗೋಡೆಗೆ ತಗಡಿನ ಬೀರುಗಳು, ಬೀರುವಿನಲ್ಲಿ ಟ್ರೇಗಳು, ಟ್ರೇಗಳಲ್ಲಿ ಅಂಗಾತ ಮಲಗಿದ ಹಕ್ಕಿಗಳು. ಕಣ್ಣಿನ ಜಾಗದಲ್ಲಿ ಹತ್ತಿ, ಕಾಲಿಗೆ ಚೀಟಿ. ಯಾವ ಬೆಟ್ಟ, ಯಾವ ತಾರೀಖು, ಗಂಡೋ ಹೆಣ್ಣೋ ಎಂದು ಚೀಟಿಯಲ್ಲಿ ಬರೆದಿರುತ್ತದೆ. ಓದಿದವರು ಬಂದು ಅಳೆಯುತ್ತಾರೆ, ಬಣ್ಣ ಹೋಲಿಸುತ್ತಾರೆ, ಪುಸ್ತಕ ಬರೆಯುತ್ತಾರೆ. ಬೇಟೆಗೆ ಅನುಮತಿ ಇರುವ ತಿಂಗಳುಗಳಲ್ಲಿ ಬೆಟ್ಟದ ಕಾವಲುಗಾರರು ಮಂಜುಗಡ್ಡೆ ತುಂಬಿದ ಪೆಟ್ಟಿಗೆಗಳಲ್ಲಿ ಹಕ್ಕಿ ಕಳಿಸುತ್ತಿದ್ದರು. ಅಕ್ಕ ಹೊಟ್ಟೆ ಸೀಳಿ, ಅಂಗಿ ಕಳಚಿದ ಹಾಗೆ ಚರ್ಮ ಕಳಚಿ, ಕೊಬ್ಬು ಕೆರೆದು, ರಕ್ತ ತೊಳೆದು, ಮರದ ಹೊಟ್ಟಿನಲ್ಲಿ ಒಣಗಿಸಿ, ಹುಳ ಹಿಡಿಯದಂತೆ ಬೊರಾಕ್ಸ್ ಪುಡಿ ಸವರಿ, ಕಡ್ಡಿಗೆ ಹತ್ತಿ ಸುತ್ತಿ ಒಳಗೆ ತುಂಬಿ ಹೊಲಿಯುತ್ತಿದ್ದಳು. ಅಲ್ಲಿ ಅವಳಿಗೆ ಸೂಜಿಯಮ್ಮ ಅಂತಲೇ ಹೆಸರು.

ಅಪ್ಪ ಒಂದೇ ಒಂದು ಸಲ ಅಲ್ಲಿಗೆ ಹೋಗಿದ್ದ. ಹಕ್ಕಿಯೊಂದನ್ನು ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಹೊಟ್ಟೆಯ ಗರಿಯನ್ನು ಊದಿ ಊದಿ ನೋಡಿದ. "ಹೊಲಿಗೆ ಎಲ್ಲಿ?" ಎಂದ. ಅಕ್ಕ ತೋರಿಸಿದಳು. ಆಮೇಲೆ ಅವನು ಸಾಯುವವರೆಗೂ ಆ ಕೆಲಸವನ್ನು ಹಳಿಯಲಿಲ್ಲ.

ಹಳಿಯುವ ಕೆಲಸ ನನಗೆ ಬಂತು. ಅಪ್ಪನ ನಂತರ ಅಂಗಡಿ ನನ್ನದಾಯಿತು, ಮನೆ ಇಬ್ಬರದ್ದೂ. ನಮ್ಮ ದೊಡ್ಡ ಗಿರಾಕಿ ಆಸ್ಪತ್ರೆ. ರೋಗಿಗಳ ಪೈಜಾಮ ಹೊಲಿದುಕೊಡುತ್ತೇವೆ. ಪೈಜಾಮಕ್ಕೆ ಲಾಡಿ ಬೇಕಲ್ಲ, ಬಟ್ಟೆಯ ಪಟ್ಟಿ ಮಡಚಿ ಹೊಲಿದು, ಒಳಮೈ ಹೊರಗೆ ತಿರುವಿ, ಒಳಗೆ ಟೊಳ್ಳಾದ ಲಾಡಿಯನ್ನು ಸುರುಳಿ ಸುರುಳಿ ಮಾಡಿಡುತ್ತೇನೆ. ಆ ಸುರುಳಿ ವಾರಕ್ಕೊಮ್ಮೆ ಸಣ್ಣಗಾಗುತ್ತಿತ್ತು. ಇಲಿ ಲಾಡಿ ತಿನ್ನುವುದಿಲ್ಲ. ಅಕ್ಕನ ಚೀಲ ನೋಡಿದರೆ ಗೇಣುಗೇಣು ಕತ್ತರಿಸಿದ ತುಂಡುಗಳು. ಯಾಕೆ ಬೇಕೆಂದು ಕೇಳಿದರೆ, ಕೆಲಸಕ್ಕೆ ಬೇಕು ಅನ್ನುತ್ತಿದ್ದಳು. ಹಕ್ಕಿಯ ಕಾಲು ಕಟ್ಟಲು ನನ್ನ ಲಾಡಿಯೇ ಆಗಬೇಕಾ ಎಂದು ಜಗಳ ತೆಗೆಯುತ್ತಿದ್ದೆ. ಅವಳ ಏಪ್ರನ್ನಿನದು ಇನ್ನೊಂದು ಗೋಳು. ಒಗೆಯಲು ಹಾಕಿದರೆ ಜೇಬಿನಿಂದ ಸಣ್ಣ ಹರಳು ಉದುರುತ್ತಿದ್ದವು, ಎರಡು ಸಲ ವಾಷಿಂಗ್ ಮಷೀನು ಕೆಟ್ಟು ನಿಂತಿದೆ. ನಾನು ಕೂಗಾಡಿದ್ದು ಇಡೀ ಬೀದಿಗೆ ಕೇಳಿಸಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ನಡೆಯಿತು.

ಅವಳ ಕೈಯಲ್ಲಿ ಹಾದುಹೋದ ಎಲ್ಲ ಹಕ್ಕಿಗಳಲ್ಲಿ ಅವಳಿಗೆ ಪ್ರಾಣವಾದದ್ದು ಹಿಮಕೋಳಿ. ಮರ ಬೆಳೆಯುವುದು ನಿಂತ ಮೇಲೂ ಇನ್ನೂ ಮೇಲಕ್ಕೆ, ಬರೀ ಕಲ್ಲು ಮಂಜು ಇರುವ ಕಡೆ ಬದುಕುವ ದಪ್ಪನೆಯ ಕಾಡುಕೋಳಿ ಅದು. ಬೇಟೆಗಾರರಿಗೆ ಅದನ್ನು ಕಂಡರೆ ಬಾಯಲ್ಲಿ ನೀರು, ಕಾಲಲ್ಲಿ ನೋವು. ಅಟ್ಟಿಸಿಕೊಂಡು ಹೋದರೆ ಮೇಲಕ್ಕೆ ಓಡುತ್ತದೆ, ತುದಿ ಮುಟ್ಟಿದ ಮೇಲೆ ರೆಕ್ಕೆ ಬಿಚ್ಚಿ ಕೆಳಕ್ಕೆ ಜಾರಿಬಿಡುತ್ತದೆ. ತಾನು ಹುಟ್ಟಿದ ಬೆಟ್ಟ ಬಿಟ್ಟು ದೂರ ಹೋಗುವ ಜೀವವಲ್ಲ. ಅದಕ್ಕೇ ಬೆಟ್ಟಬೆಟ್ಟಕ್ಕೂ ಅದರ ಬಣ್ಣ ಬೇರೆಯಂತೆ. ಜಾತಿ ಒಂದೇ, ಸೀಮೆಗೊಂದು ಉಪಜಾತಿ. ಒಂದು ರಜಾದಿನ ಅಕ್ಕ ನನ್ನನ್ನು ಕರೆದೊಯ್ದು ಹತ್ತು ಹಿಮಕೋಳಿಗಳನ್ನು ಮೇಜಿನ ಮೇಲೆ ಸಾಲಾಗಿ ಮಲಗಿಸಿ ತೋರಿಸಿದಳು. ನನಗೆ ಕೋಳಿ ಎಲ್ಲಾ ಕೋಳಿಯೇ. ಆದರೆ ಬಟ್ಟೆ ಗೊತ್ತಲ್ಲ. ದಕ್ಷಿಣದ ಬೆಟ್ಟಸಾಲಿನವು ಕಡುಬೂದಿ, ಪಕ್ಕೆಯ ಮೇಲೆ ಕಂದುಗೆಂಪಿನ ಅಗಲ ಪಟ್ಟೆ. ಉತ್ತರದ ಬೆಟ್ಟಸಾಲಿನವು ಅದೇ ಥಾನಿನ ಬಟ್ಟೆಯನ್ನು ಇಪ್ಪತ್ತು ಸಲ ಒಗೆದ ಹಾಗೆ ಮಾಸಲು, ಪಟ್ಟೆ ಸಣ್ಣ. ನೋಡಿ ನನಗೂ ಖುಷಿಯಾಯಿತು. ಅದನ್ನು ಅವಳಿಗೆ ಹೇಳಲಿಲ್ಲ.

ಅಕ್ಕನ ನಿವೃತ್ತಿಗೆ ಮೂರು ತಿಂಗಳಿರುವಾಗ ಹಿಮಕೋಳಿಯ ಉಪಜಾತಿಗಳ ಬಗ್ಗೆ ಬರೆಯಲು ಒಬ್ಬ ಕಿರಿಯ ಡಾಕ್ಟರು ಬಂದರು. ಔಷಧಿ ಕೊಡುವ ಡಾಕ್ಟರಲ್ಲ, ಓದಿ ಆದವರು. ಒಳ್ಳೆಯ ಮನುಷ್ಯನೇ. ಮೊದಲ ವಾರವೇ ಅವರು ಒಂದಿಷ್ಟು ಮಾಸಲು ಹಕ್ಕಿಗಳನ್ನು ಬೇರೆ ಉಪಜಾತಿ ಎಂದು ವಿಂಗಡಿಸಿಟ್ಟಿದ್ದರಂತೆ. ಅಕ್ಕ ಚೀಟಿಯ ತಾರೀಖು ತೋರಿಸಿ, ಇವು ಬೇಸಿಗೆಯ ಕೊನೆಯವು, ಗರಿ ಸವೆದು ಬಣ್ಣ ಹೋಗಿದೆ, ಹೊಸ ಗರಿ ಬಂದ ಮೇಲೆ ಇವೂ ಮಿಕ್ಕವುಗಳ ಹಾಗೇ ಎಂದಳು. ಡಾಕ್ಟರು ಎದ್ದು ನಿಂತು ಕೈ ಮುಗಿದರಂತೆ. ಅಕ್ಕ ಅವತ್ತು ಮನೆಗೆ ಬಂದು ಎರಡು ಸಲ ಆ ಮಾತು ಹೇಳಿದಳು. ಅವಳ ಲೆಕ್ಕದಲ್ಲಿ ಅದು ಭಾಷಣ.

ಅಂಥ ಮನುಷ್ಯನೇ ಆ ಕಾಗದ ಬರೆದದ್ದು. ಒಂದು ಬುಧವಾರ ಅಕ್ಕ ಅಂಗಡಿಗೇ ಬಂದು, ನಾನು ತುಳಿಯುತ್ತಿದ್ದ ಹೊಲಿಗೆ ಯಂತ್ರದ ಮೇಲೆ ಅದನ್ನಿಟ್ಟಳು. ಓದಿದೆ. ಉತ್ತರದ ಸಾಲು, ಕರಿಬಂಡೆಯ ಹಿಂಬದಿ ಎಂದು ಚೀಟಿ ಇರುವ ನಾಲ್ಕು ಹಿಮಕೋಳಿಗಳು ಉತ್ತರದವಲ್ಲ, ಬಣ್ಣ ನೋಡಿದರೆ ದಕ್ಷಿಣದವು. ಹನ್ನೊಂದು ವರ್ಷದ ಹಿಂದೆ ಅವು ಬಂದ ವಾರವೇ ದಕ್ಷಿಣದಿಂದಲೂ ನಾಲ್ಕು ಹಕ್ಕಿಗಳ ಪೆಟ್ಟಿಗೆ ಬಂದಿತ್ತು, ಅವು ಕೊಳೆತಿದ್ದರಿಂದ ಎಸೆಯಲಾಯಿತು ಎಂದು ದಾಖಲೆ ಪುಸ್ತಕದಲ್ಲಿದೆ. ನಿಜವಾಗಿ ಕೊಳೆತದ್ದು ಉತ್ತರದವು, ಚೀಟಿ ಅದಲುಬದಲಾಗಿದೆ. ಒಂದು ಕಡೆ ಹೀಗಾಗಿದ್ದರೆ ಬೇರೆ ಕಡೆಯೂ ಆಗಿರಬಹುದು. ಆದ್ದರಿಂದ ಸೂಜಿಯಮ್ಮ ತಯಾರಿಸಿದ ಎಲ್ಲ ಸಾವಿರದ ನೂರ ನಲವತ್ತು ಹಕ್ಕಿಗಳ ಚೀಟಿಯ ಮೇಲೂ "ನಂಬಲರ್ಹವಲ್ಲ" ಎಂದು ಕೆಂಪು ಮುದ್ರೆ ಹಾಕಬೇಕು. ಸೋಮವಾರ ನಿರ್ದೇಶಕಿಯವರ ಮುಂದೆ ತೀರ್ಮಾನ.

ನನ್ನ ಮೈಯೆಲ್ಲ ಉರಿದುಹೋಯಿತು. ಅಕ್ಕ ಮದುವೆ ಬೇಡವೆಂದು, ಊರೂರು ತಿರುಗುವುದು ಬೇಡವೆಂದು, ಕೈಬೆರಳ ತುದಿಯೆಲ್ಲ ಬೊರಾಕ್ಸ್ ತಿಂದು ಬಿರುಕು ಬಿಟ್ಟರೂ ಬೇಡವೆನ್ನದೆ ಮಾಡಿದ ಒಂದೇ ಕೆಲಸ. ಅದರ ಮೇಲೆ ಕೆಂಪು ಮುದ್ರೆ ಒತ್ತಿದರೆ ಅವಳ ಹತ್ತಿರ ಇನ್ನೇನು ಉಳಿಯಿತು? ಉತ್ತರ ಬರಿ, ನಾನು ಹೇಳ್ತೀನಿ ನೀನು ಬರಿ ಎಂದು ಕಾಗದ ತಂದಿಟ್ಟೆ. ಅವಳು ಬರೆಯಲಿಲ್ಲ. ಅಡುಗೆಮನೆಗೆ ಹೋಗಿ ಎರಡು ಲೋಟ ಚಹಾ ಮಾಡಿ, ತನ್ನ ಲೋಟ ಮುಟ್ಟದೆ ಕೂತಳು. ಭಾನುವಾರದವರೆಗೂ ಅವಳ ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯುತ್ತಿತ್ತು. ಸೋಮವಾರ ಬೆಳಿಗ್ಗೆ ಕೋಟು ಹಾಕಿಕೊಂಡು ಅಂಗಡಿಗೆ ಇಳಿದು ಬಂದು, "ನಿನ್ನ ಕಾಜಾ ಕತ್ತರಿ ಕೊಡು" ಎಂದಳು. ಗುಂಡಿಯ ಕಾಜಾ ಕತ್ತರಿಸುವ ನನ್ನ ಸಣ್ಣ ಕತ್ತರಿಯನ್ನು ನಾನು ಯಾರಿಗೂ ಕೊಡುವುದಿಲ್ಲ. ಕತ್ತರಿ ಬೇಕಾದರೆ ಜೊತೆಗೆ ನಾನೂ ಬರುತ್ತೇನೆ ಎಂದು ಅಂಗಡಿ ಬಾಗಿಲು ಎಳೆದೆ.

ಹಕ್ಕಿ ಕೋಣೆಯ ಉಕ್ಕಿನ ಮೇಜಿನ ಸುತ್ತ ಕುರ್ಚಿ ಹಾಕಿದ್ದರು. ನಿರ್ದೇಶಕಿಗೆ ನೆಗಡಿ, ಕೈಯಲ್ಲಿ ಕರವಸ್ತ್ರ. ನೀವು ಯಾರು ಎಂದು ನನ್ನನ್ನು ಕೇಳಿದರು. ತಂಗಿ ಅಂದೆ, ಕತ್ತರಿ ನನ್ನದು ಅಂದೆ. ಡಾಕ್ಟರು ನನಗೂ ಒಂದು ಕುರ್ಚಿ ಎಳೆದರು. ಮೇಜಿನ ಮೇಲೆ ಆ ನಾಲ್ಕು ಕಡುಬಣ್ಣದ ಹಿಮಕೋಳಿಗಳು, ಅವುಗಳ ಪಕ್ಕದಲ್ಲೇ ಹೊಚ್ಚಹೊಸ ರಬ್ಬರ್ ಮುದ್ರೆ, ಕೆಂಪು ಶಾಯಿಯ ಡಬ್ಬಿ. ತೀರ್ಮಾನಕ್ಕೆ ಮೊದಲೇ ಮುದ್ರೆ ಮಾಡಿಸಿಟ್ಟಿದ್ದರು. ಅದನ್ನು ಕಂಡು ನನಗೆ ಕಿಟಕಿಯಿಂದ ಆಚೆ ಎಸೆಯುವಷ್ಟು ಕೋಪ ಬಂತು.

ಡಾಕ್ಟರು ಮೆತ್ತಗೆ ಮಾತಾಡಿದರು. "ಅಮ್ಮಾ, ನಿಮ್ಮ ಮೇಲೆ ನಂಗೆ ತುಂಬಾ ಗೌರವ ಇದೆ. ಆದ್ರೆ ಈ ನಾಲ್ಕನ್ನ ನೋಡಿದ್ರೆ ಯಾರೂ ಉತ್ತರದ್ದು ಅನ್ನಲ್ಲ. ಹಕ್ಕಿ ಸುಳ್ಳು ಹೇಳಲ್ಲ."

"ಹಾಗಾದ್ರೆ ನಮ್ಮಕ್ಕ ಹೇಳ್ತಾಳಾ?" ಎಂದೆ. ನಿರ್ದೇಶಕಿ ನನ್ನತ್ತ ನೋಡಿದರು. ನಾನೂ ನೋಡಿದೆ. ಅವರು ಅಕ್ಕನ ಕಡೆ ತಿರುಗಿ, ಇಷ್ಟು ವರ್ಷದಲ್ಲಿ ಯಾವತ್ತಾದರೂ ಚೀಟಿ ಅದಲುಬದಲಾದದ್ದು ಉಂಟೇ ಎಂದು ಕೇಳಿದರು.

ಅಕ್ಕ ತಲೆ ಎತ್ತಿದಳು. "ಆಗಿದೆ ಮೇಡಂ. ಎರಡು ಹಕ್ಕಿದು."

ಮೂವತ್ತನಾಲ್ಕು ವರ್ಷ ಬಾಯಿ ಬಿಡದವಳು ಇವತ್ತೇ ಬಿಡಬೇಕಾ? ಆದರೆ ಅವಳು ನಿಲ್ಲಿಸಲಿಲ್ಲ. ನಾನು ಅವಳ ಬಾಯಿಂದ ಒಂದೇ ಉಸಿರಿಗೆ ಅಷ್ಟು ಮಾತು ಕೇಳಿದ್ದು ಅದೇ ಮೊದಲು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಮೊದಲ ಸಲ ಅವಳೊಬ್ಬಳ ಕೈಗೇ ಬಿಟ್ಟಿದ್ದ, ರಕ್ತ ಮೆತ್ತಿದ್ದ ಎರಡು ಹಿಮಕೋಳಿಗಳನ್ನು ಒಂದೇ ಬೋಗುಣಿಯಲ್ಲಿ ತೊಳೆದಳಂತೆ. ಚೀಟಿ ನೆನೆದು ಕಳಚಿಕೊಂಡವು. ಯಾವುದು ಯಾವುದರದ್ದೆಂದು ಅಂದಾಜು ಮಾಡಿ ಕಟ್ಟಿ, ಆಮೇಲೆ ತಡೆಯಲಾಗದೆ ಆಗಿನ ಹಿರಿಯ ಡಾಕ್ಟರ ಮುಂದೆ ಹೋಗಿ ಹೇಳಿಬಿಟ್ಟಳು. ಅವರು ಬೈಯಲಿಲ್ಲ. ಎರಡೂ ಚೀಟಿ ಬಿಚ್ಚಿಸಿ, "ಊರು ಗೊತ್ತಿಲ್ಲ" ಎಂದು ಅವಳ ಕೈಯಿಂದಲೇ ಬರೆಸಿದರು. ಊರು ಗೊತ್ತಿಲ್ಲದ ಹಕ್ಕಿ ಯಾರ ಕೆಲಸಕ್ಕೂ ಬರುವುದಿಲ್ಲ. ಅವು ಇವತ್ತಿಗೂ ಕೆಳಗಿನ ಟ್ರೇಯಲ್ಲಿವೆ ಎಂದು ಅಕ್ಕ ಬೀರುವಿನತ್ತ ಬೆರಳು ತೋರಿಸಿದಳು. ನನಗೆ ಆಗ ನೆನಪಾಯಿತು. ಆ ವರ್ಷ ಒಂದು ದಿನ ಅವಳು ಕೋಣೆಯಿಂದ ಹೊರಗೇ ಬಂದಿರಲಿಲ್ಲ. ಹೊಟ್ಟೆನೋವು ಅಂದಿದ್ದಳು.

"ಅವತ್ತಿಂದ ಕಾಲಿಗೆ ಕಟ್ಟೋ ಚೀಟಿನ ನಾನು ನಂಬಲಿಲ್ಲ," ಎಂದಳು ಅಕ್ಕ. "ಕಾವಲುಗಾರರ ಚೀಟಿ ಇನ್ನೂ ಹಕ್ಕಿ ಕಾಲಲ್ಲಿ ಇರುವಾಗ್ಲೇ ಇನ್ನೊಂದು ಬರೀತೀನಿ. ಕಾಗದ ಹುಳ ತಿನ್ನುತ್ತೆ, ಅದಕ್ಕೆ ಬಟ್ಟೆ ಮೇಲೆ, ಪೆನ್ಸಿಲ್‌ನಲ್ಲಿ. ಹತ್ತಿ ಜೊತೆ ಒಳಗಿಟ್ಟು ಹೊಲೀತೀನಿ. ಆ ಎರಡು ಬಿಟ್ಟು ಎಲ್ಲಾದ್ರಲ್ಲೂ ಇದೆ."

ಯಾಕೆ ಹೇಳಲಿಲ್ಲ ಎಂದು ನಿರ್ದೇಶಕಿ ಕೇಳಿದರು. ಹಿರಿಯ ಡಾಕ್ಟರಿಗೆ ಗೊತ್ತಿತ್ತು, ಅವರು ಹೋದ ಮೇಲೆ ಯಾರೂ ಕೇಳಲಿಲ್ಲ, ಹೊಲಿದ ಹಕ್ಕಿಯನ್ನು ನಿಮ್ಮ ಅಪ್ಪಣೆಯಿಲ್ಲದೆ ಬಿಚ್ಚುವಂತಿಲ್ಲ, ಇವತ್ತು ಅಪ್ಪಣೆ ಕೇಳಲೆಂದೇ ಬಂದಿದ್ದೇನೆ ಎಂದಳು. ನಿರ್ದೇಶಕಿ ಆಗಲಿ ಎಂದರು. ಡಾಕ್ಟರು ಮುಂದೆ ಬಾಗಿದರು. ಅವರೂ ಬಿಡುವವರಲ್ಲ. ಚೀಟಿ ಅದಲಾದ ಮೇಲೆ ಬಟ್ಟೆಯ ಮೇಲೆ ಬರೆದಿದ್ದರೆ ಅದೂ ತಪ್ಪೇ ಆಗಿರುತ್ತದಲ್ಲ ಎಂದರು. ಮಾತು ನ್ಯಾಯವಾದದ್ದೇ.

ಅಕ್ಕ ನನ್ನತ್ತ ಕೈ ಚಾಚಿ ಕತ್ತರಿ ತೆಗೆದುಕೊಂಡಳು. "ಬರಹ ನಂಬಬೇಡಿ ಸರ್. ಮೂರು ಹಕ್ಕಿ ನೀವೇ ಆರಿಸಿ. ಒಂದು ದಕ್ಷಿಣದ್ದು, ಒಂದು ಉತ್ತರದ ಮಾಸಲು ಬಣ್ಣದ್ದು, ಒಂದು ಈ ನಾಲ್ಕರಲ್ಲಿ."

ಡಾಕ್ಟರು ಎದ್ದು ಹೋಗಿ, ಬೇಕೆಂದೇ ಟ್ರೇಯ ಹಿಂಬದಿಯಿಂದ ಎರಡು ಹಕ್ಕಿ ತೆಗೆದರು. ನಾಲ್ಕರಲ್ಲಿ ಮೂರನೆಯದನ್ನು ಮುಂದಕ್ಕೆ ತಳ್ಳಿದರು. ಅಕ್ಕ ದಕ್ಷಿಣದ ಹಕ್ಕಿಯನ್ನು ಎಡಗೈಯಲ್ಲಿ ಮಲಗಿಸಿಕೊಂಡು ಹೊಟ್ಟೆಯ ಗರಿ ಬಿಡಿಸಿದಳು. ನನ್ನ ಕತ್ತರಿಯ ತುದಿಯಿಂದ ಮೂರೇ ಮೂರು ಹೊಲಿಗೆ ತುಂಡರಿಸಿ, ಚಿಮುಟ ಹಾಕಿ ಎಳೆದಳು. ಹತ್ತಿಯ ಜೊತೆ ಒಂದು ಬಿಳಿ ಬಾಲ ಹೊರಬಂತು.

ನನ್ನ ಲಾಡಿ. ಒಂದು ಗೇಣು, ಎರಡೂ ತುದಿಗೆ ಗಂಟು. ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ, ಎರಡೂ ಒಟ್ಟಿಗೇ ಬಂದವು. ಮೂವತ್ತು ವರ್ಷ ನಾನು ಕಳ್ಳಿ ಕಳ್ಳಿ ಎಂದು ಬೈದ ಲಾಡಿ ಆ ಬೀರುಗಳ ತುಂಬ ಹಕ್ಕಿಗಳ ಹೊಟ್ಟೆಯಲ್ಲಿ ಕೂತಿತ್ತು.

ಲಾಡಿಯ ಮೇಲೆ ಪೆನ್ಸಿಲಿನ ಅಕ್ಷರ ಇದ್ದ ಹಾಗೇ ಇದ್ದವು. ಅಕ್ಕ ಅದನ್ನು ಓದಲಿಲ್ಲ. ಒಂದು ತುದಿಯ ಗಂಟು ಬಿಚ್ಚಿ, ಬಿಳಿ ತಟ್ಟೆಯ ಮೇಲೆ ಕೊಡವಿದಳು. ಟೊಳ್ಳಿನೊಳಗಿಂದ ಹರಳು ಉದುರಿದವು. ಅಕ್ಕಿನುಚ್ಚಿನಷ್ಟು ಸಣ್ಣವು, ಸುಣ್ಣದ ಹಾಗೆ ಬಿಳಿ. ಕೋಳಿಗೆ ಹಲ್ಲಿಲ್ಲ, ಕಾಳು ಅರೆಯಲು ಹರಳು ನುಂಗುತ್ತದೆ, ಹೊಟ್ಟೆಯ ಗಟ್ಟಿ ಚೀಲದಲ್ಲಿ ಅವು ಉಳಿದಿರುತ್ತವೆ, ಸೀಳಿದಾಗ ಒಂದು ಚಿಟಿಕೆ ತೆಗೆದು ತೊಳೆದು ಲಾಡಿಯೊಳಗೆ ಹಾಕುತ್ತೇನೆ ಎಂದಳು. ದಕ್ಷಿಣದ ಸಾಲು ಪೂರ್ತಿ ಸುಣ್ಣದ ಕಲ್ಲು. ಅದು ಡಾಕ್ಟರಿಗೂ ಗೊತ್ತಿತ್ತು. ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು.

ಎರಡನೆಯದು ಉತ್ತರದ ಮಾಸಲು ಹಕ್ಕಿ. ಹರಳು ಇಟ್ಟಿಗೆಯ ಕೆಂಪು. ಉತ್ತರದ ಬೆಟ್ಟದ ಕಲ್ಲು ಕೆಂಪು.

ಮೂರನೆಯದಕ್ಕೆ ಕತ್ತರಿ ಹಾಕುವ ಮೊದಲು ಅಕ್ಕ ಕತ್ತರಿಯ ತುದಿಯನ್ನು ಕೋಟಿನ ತೋಳಿಗೆ ಒರೆಸಿದಳು. ಆ ಹಕ್ಕಿಯನ್ನು ಸೀಳಿ ಹನ್ನೊಂದು ವರ್ಷವಾಗಿತ್ತು. ಒಳಗೇನು ಹಾಕಿದ್ದೇನೆಂದು ಅವಳಿಗೂ ಖಚಿತ ನೆನಪಿರಲಿಲ್ಲವಂತೆ, ಆಮೇಲೆ ಹೇಳಿದಳು. ತನ್ನ ಅಭ್ಯಾಸವನ್ನು ನಂಬಿ ಬಂದಿದ್ದಳು. ಹರಳು ಬಿಳಿ ಬಂದಿದ್ದರೆ ಡಾಕ್ಟರು ಹೇಳಿದ್ದೇ ಸರಿ, ಮುದ್ರೆಯೂ ಸರಿ. ಅವಳು ಗಂಟು ಬಿಚ್ಚಿ ತಟ್ಟೆಯ ಮೇಲೆ ಕೊಡವಿದಳು.

ಕಪ್ಪು. ಇದ್ದಿಲ ಚೂರಿನ ಹಾಗೆ ಒಂದೊಂದೂ ಕಪ್ಪು.

ನಿರ್ದೇಶಕಿ ಕರವಸ್ತ್ರ ಕೆಳಗಿಟ್ಟು ಭೂತಗನ್ನಡಿ ತೆಗೆದುಕೊಂಡರು. ಡಾಕ್ಟರು ಒಂದು ಹರಳನ್ನು ಬೆರಳತುದಿಗೆ ಅಂಟಿಸಿಕೊಂಡು ಕಿಟಕಿಯ ಬೆಳಕಿಗೆ ಹೋದರು. ಎರಡೂ ಸಾಲು ಸೇರಿಸಿದರೂ ಕಪ್ಪು ಕಲ್ಲು ಇರುವುದು ಒಂದೇ ಕಡೆ, ಉತ್ತರದ ಸಾಲಿನ ನಡುವೆ ಎದ್ದಿರುವ ಕರಿಬಂಡೆ ಬೆಟ್ಟದಲ್ಲಿ.

"ಕರಿ ಕಲ್ಲಿನ ಮೇಲೆ ಮಾಸಲು ಕೋಳಿ ಕೂತ್ರೆ ಹದ್ದಿಗೆ ಕಾಣ್ಸುತ್ತೆ," ಎಂದಳು ಅಕ್ಕ. "ಕಡುಬಣ್ಣದ್ದು ಉಳ್ಕೊಂಡಿರುತ್ತೆ. ಇದು ನಂಗನ್ಸಿದ್ದು. ನೀವು ಓದಿದವರು, ನೋಡಿ ಹೇಳಿ."

ಡಾಕ್ಟರು ವಾಪಸು ಬಂದರು. ಮುಖ ಕೆಂಪಾಗಿತ್ತು. ಆದರೆ ಕಣ್ಣು ಮಾತ್ರ ಹೊಸ ಸೈಕಲ್ಲು ಸಿಕ್ಕ ಹುಡುಗನದ್ದು. ಉತ್ತರದ ಸಾಲಿನಲ್ಲಿ ಒಂದೇ ಬಗೆ ಇರಬೇಕು ಅಂದುಕೊಂಡದ್ದು ನನ್ನ ತಪ್ಪು, ಇದು ದಕ್ಷಿಣದ್ದೂ ಅಲ್ಲ, ಉತ್ತರದ್ದೂ ಅಲ್ಲ, ಬೇರೆಯೇ ಉಪಜಾತಿ ಇರಬಹುದು ಎಂದು ಗಡಿಬಿಡಿಯಲ್ಲಿ ಹೇಳಿದರು. ಆಮೇಲೆ ಅಕ್ಕನ ಮುಂದೆ ಬಂದು ನಿಂತು, "ಕ್ಷಮಿಸಿ ಅಮ್ಮ" ಎಂದರು. ಅಕ್ಕ ಆಗಲೇ ಸೂಜಿಗೆ ದಾರ ಪೋಣಿಸುತ್ತಿದ್ದಳು. ಬಿಚ್ಚಿದ್ದನ್ನು ಹೊಲಿಯಬೇಕಲ್ಲ. ಕೆಂಪು ಮುದ್ರೆಯನ್ನು ನಾನು ಎತ್ತಿ ನಿರ್ದೇಶಕಿಯ ಕೈಗೆ ಕೊಟ್ಟು, ಇದನ್ನು ಎಲ್ಲಿ ಇಡ್ತೀರೋ ಇಟ್ಟುಕೊಳ್ಳಿ ಎಂದೆ. ಅವರು ನಕ್ಕು ಸೀನಿದರು.

ಬೀದಿಯಲ್ಲಿ ವಾಪಸು ಬರುವಾಗ ನಾನು ಎಲ್ಲರಿಗೂ ಕೇಳುವಂತೆ ಮಾತಾಡಿದೆ. ಅಕ್ಕ ನನ್ನ ತೋಳು ಹಿಡಿದುಕೊಂಡು ನಡೆದಳು, ದಾರಿಯುದ್ದಕ್ಕೂ ನಗುತ್ತಿದ್ದಳು. ಆ ದಿನ ಅವಳ ತಟ್ಟೆ ಖಾಲಿಯಾಯಿತು, ಇನ್ನೊಂದು ಸಲ ಬಡಿಸಿಕೊಂಡಳು.

ಮುಂದಿನ ಬೇಸಿಗೆಯಲ್ಲಿ ಡಾಕ್ಟರು ಕಾವಲುಗಾರರ ಜೊತೆ ಕರಿಬಂಡೆಯ ಹಿಂಬದಿಗೆ ಹತ್ತಿಹೋದರು. ನಲವತ್ತಕ್ಕೂ ಹೆಚ್ಚು ಹಿಮಕೋಳಿ ಎಣಿಸಿದರಂತೆ, ಮಾಸಲು ಬಣ್ಣದ್ದು ಒಂದೂ ಇರಲಿಲ್ಲ. ಈಗ ಅದು ಪುಸ್ತಕದಲ್ಲಿ ಬೇರೆ ಉಪಜಾತಿಯಾಗಿದೆ. ಮ್ಯೂಸಿಯಂನಿಂದ ನನ್ನ ಅಂಗಡಿಗೆ ಆರ್ಡರು ಬರುತ್ತದೆ, ವರ್ಷಕ್ಕೆ ಇಪ್ಪತ್ತು ಮೀಟರು ಟೊಳ್ಳು ಲಾಡಿ. ಹೊಸದಾಗಿ ಸೇರಿದವರಿಗೆಲ್ಲ ಅದೇ ನಿಯಮ.

ಆದರೆ ಅದಕ್ಕೂ ಮೊದಲು, ಅಕ್ಕನ ಕೊನೆಯ ಎರಡು ತಿಂಗಳಲ್ಲಿ ಇನ್ನೊಂದು ಕೆಲಸ ನಡೆಯಿತು. ನಿರ್ದೇಶಕಿ ಹೇಳಿದ್ದರಿಂದ ಡಾಕ್ಟರು ದಿನಾ ಮಧ್ಯಾಹ್ನ ಅಕ್ಕನ ಪಕ್ಕದಲ್ಲಿ ಕೂತು, ಅವಳ ಒಂದೊಂದು ಹಕ್ಕಿಯ ಚೀಟಿಯ ಕೆಳಗೂ ತಮ್ಮ ಕೈಯಿಂದ ಒಂದು ಸಾಲು ಬರೆದರು: ಒಳಗೆ ಲಾಡಿ ಇದೆ. ಕೆಂಪು ಮುದ್ರೆ ಬೀಳಬೇಕಿದ್ದ ಜಾಗದಲ್ಲೇ ಬರೆದರು. ಕೊನೆಯ ದಿನ ನಾನು ಅವಳನ್ನು ಕರೆದುಕೊಂಡು ಬರಲು ಹೋದಾಗ ಕೆಳಗಿನ ಒಂದು ಟ್ರೇ ಮಾತ್ರ ಬಾಕಿ ಇತ್ತು. ಅದರಲ್ಲಿ "ಊರು ಗೊತ್ತಿಲ್ಲ" ಎಂಬ ಆ ಎರಡು ಹಕ್ಕಿಗಳು. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ, ಇವೆರಡನ್ನು ಬಿಟ್ಟುಬಿಡೋಣ ಅಮ್ಮ ಎಂದರು. ಅಕ್ಕ ಪೆನ್ನು ತೆಗೆದುಕೊಂಡು, ಮುಚ್ಚಳ ತೆಗೆದು, ಮತ್ತೆ ಅವರ ಕೈಗೇ ಕೊಟ್ಟಳು.

"ಬಿಡಬೇಡಿ. ಇವುಗಳ ಒಳಗೆ ಲಾಡಿ ಇಲ್ಲ ಅಂತ ಬರೀರಿ. ಇದನ್ನ ಓದಿದ್ರೇನೇ ಮಿಕ್ಕಿದ್ದನ್ನ ನಂಬ್ತಾರೆ."

ಡಾಕ್ಟರು ಬರೆದರು. ಅಕ್ಕ ಎರಡನ್ನೂ ಟ್ರೇಯಲ್ಲಿ ಮಲಗಿಸಿ, ಗರಿ ಸವರಿ, ಬೀರು ಮುಚ್ಚಿದಳು.